ಬಿಲ್ಲಾಳ ಎರಡನೆಯ ಹೊಲಿಗೆ

1

ರೈಲಿನಿಂದ ಶುರು ಮಾಡಲೋ, ರೈಲಿನಿಂದ ಬಿದ್ದವನಿಂದ ಶುರು ಮಾಡಲೋ?

ರೈಲಿನಿಂದ ಶುರು ಮಾಡಿದರೆ ನೀವು ಎರಡನೆಯ ಪ್ಯಾರಾದಲ್ಲೇ ಆಕಳಿಸುತ್ತೀರಿ, ನನಗೆ ಗೊತ್ತು. ಜರ್ಮನಿಯ ಮೊದಮೊದಲ ಎಕ್ಸ್‌ಪ್ರೆಸ್ ಗಾಡಿಗಳ ಡಬ್ಬಿಗಳು ಹೇಗಿದ್ದವು, ಮಾಡಿನ ನಡುವೆ ಇನ್ನೊಂದು ಪುಟ್ಟ ಮಾಡು ಯಾಕೆ ಎದ್ದಿತ್ತು, ಚಕ್ರಗಳನ್ನು ಯಾಕೆ ಜೋಡಿ ಜೋಡಿಯಾಗಿ ಬೇರೆ ಚೌಕಟ್ಟಿಗೆ ಕಟ್ಟಿದರು ಎಂದು ಹೇಳುತ್ತ ಕೂತರೆ ಕೇಳುವವರು ಯಾರು? ನನ್ನ ಹೆಂಡತಿಯೇ ಕೇಳುವುದಿಲ್ಲ. ಅವಳು ಇದೇ ಕೊಲೋನ್‌ನವಳು, ಇಲ್ಲಿನ ರೈಲುಗಳನ್ನು ಹುಟ್ಟಿದಾಗಿನಿಂದ ಬೈಯುತ್ತ ಬಂದವಳು. "ಇವತ್ತಿನ ಗಾಡಿ ಟೈಮಿಗೆ ಬರೋದು ಹೇಗೆ ಅಂತ ಬರಿ, ಪುಣ್ಯ ಬರುತ್ತೆ" ಅನ್ನುತ್ತಾಳೆ.

ಆದ್ದರಿಂದ ಬಿದ್ದವನಿಂದಲೇ ಶುರು. (ಹೆಣ ಮುಂದಿಟ್ಟುಕೊಂಡು ಕಥೆ ಆರಂಭಿಸುವುದು ಸೋಮಾರಿ ಲೇಖಕರ ಲಕ್ಷಣ. ಇರಲಿ, ನಾನು ಸೋಮಾರಿಯೇ.)

ಕೋಬೆಸ್ ಎಸರ್ ಕೊಲೋನ್‌ನಿಂದ ಹೊರಡುವ ಗಾಡಿಗಳಲ್ಲಿ ಕಂಡಕ್ಟರ್ ಆಗಿದ್ದ. ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನೂ ಹತ್ತು ಹನ್ನೆರಡು ವರ್ಷ ಬಾಕಿಯಿದ್ದ ಕಾಲ. ಆಗಿನ ಡಬ್ಬಿ ಅಂದರೆ ಕುದುರೆ ಸಾರೋಟುಗಳನ್ನು ಸಾಲಾಗಿ ಅಂಟಿಸಿದ ಹಾಗೆ. ಪ್ರತಿ ಕೋಣೆಗೂ ಪ್ಲಾಟ್‌ಫಾರಂ ಕಡೆಗೊಂದು, ಆಚೆ ಕಡೆಗೊಂದು ಬಾಗಿಲು. ಕೋಣೆಯಿಂದ ಕೋಣೆಗೆ ದಾರಿಯೇ ಇಲ್ಲ. ಗಾಡಿ ಹೊರಟಮೇಲೆ ಟಿಕೇಟು ನೋಡಬೇಕಾದರೆ ಕಂಡಕ್ಟರ್ ಹೊರಗಿನಿಂದಲೇ ಹೋಗಬೇಕು. ಡಬ್ಬಿಯ ಉದ್ದಕ್ಕೂ ಕಾಲಿಡಲು ಒಂದು ಹಲಗೆ, ಕೈ ಹಿಡಿಯಲು ಒಂದು ಕಂಬಿ. ಓಡುವ ಗಾಡಿಯ ಮೈಗೆ ಹಲ್ಲಿಯಂತೆ ಅಂಟಿಕೊಂಡು, ಕಿಟಕಿಯಿಂದ ಕಿಟಕಿಗೆ ಸರಿಯುತ್ತ, ಒಳಗೆ ಬೆಚ್ಚಗೆ ಕೂತವರ ಮುಂದೆ ಕೈಚಾಚಬೇಕು.

ಒಂದು ಜನವರಿಯ ಬೆಳಿಗ್ಗೆ ಹಲಗೆಯ ಮೇಲೆ ಮಂಜು ಗಟ್ಟಿಯಾಗಿತ್ತು. ಒಳಗಿದ್ದ ಹೆಂಗಸೊಬ್ಬಳು ಕಿಟಕಿ ಇಳಿಸಿ ಟಿಕೇಟು ಚಾಚಿದಳು. ತೆಗೆದುಕೊಳ್ಳಲು ಅಲ್ಲಿ ಕೈ ಇರಲಿಲ್ಲ. ಚಳಿ ಬರುತ್ತದೆಂದು ಅವಳು ಕಿಟಕಿ ಮತ್ತೆ ಏರಿಸಿಕೊಂಡಳು.

2

ಕೋಬೆಸ್‌ನ ಹೆಂಡತಿ ಬಿಲ್ಲಾ ಸುದ್ದಿ ಕೇಳಿ ಕುಸಿದು ಬಿದ್ದಳು, ಕಣ್ಣೀರು ಕೋಡಿಯಾಗಿ ಹರಿಯಿತು.

2, ಮತ್ತೆ

"ಯಾರು ಬಿದ್ದಿದ್ದು?" ಅಂದಳು ಬಿಲ್ಲಾ. ಹೌದು, ಅವಳೇ, ಕಾಗದದ ಮೇಲಿಂದ. "ಬಿದ್ದೋನು ಅವನು. ನಾನು ನಿಂತೇ ಇದ್ದೆ. ಆಲೂಗಡ್ಡೆ ದೋಸೆ ಕಾವಲಿ ಮೇಲಿತ್ತು, ಸೀದು ಹೋಗುತ್ತೆ ಅಂತ ತಿರುವಿ ಹಾಕ್ದೆ. ಸುದ್ದಿ ತಂದೋನು ಹೋದ್ಮೇಲೆ ಕೂತ್ಕೊಂಡು ತಿಂದೆ. ಅದನ್ನ ಬರಿ."

"ಓದುವವರು ನಿನ್ನನ್ನ ಕಲ್ಲುಮನಸ್ಸಿನವಳು ಅಂದುಕೊಳ್ತಾರೆ ಬಿಲ್ಲಾ."

"ಅಂದ್ಕೊಳ್ಲಿ ಬಿಡು. ನಾನು ಹಸಿದಿದ್ರೆ ಮಾತ್ರ ಅಯ್ಯೋ ಅನ್ನೋ ಜನ ನಂಗೆ ಬೇಡ."

ಸರಿ. ಬಿಲ್ಲಾ ತಿಂದಳು. ಆಮೇಲೆ ಕಪ್ಪು ಬಟ್ಟೆ ಉಟ್ಟು ಊರಾಚೆಯ ರೈಲು ಡಬ್ಬಿ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. (ಕಾರ್ಖಾನೆಗೆ ನಾನು ಹೆಸರಿಟ್ಟಿಲ್ಲ, ಹುಡುಕಿಕೊಂಡು ಹೋಗಬೇಡಿ.) ಅಲ್ಲಿ ಹೆಂಗಸರು ಸೀಟಿನ ಮಖಮಲ್ಲು, ಕಿಟಕಿಯ ಚರ್ಮದ ಪಟ್ಟಿ ಹೊಲಿಯುತ್ತಿದ್ದರು. ಅವಳ ಹೊಲಿಗೆ ಹಟಮಾರಿಯ ಹೊಲಿಗೆ. ಪ್ರತಿ ತುಂಡಿನ ಕೊನೆಗೂ ಊರಿನ ಬಣ್ಣಗಳಾದ ಕೆಂಪು ಬಿಳಿ ದಾರದಲ್ಲಿ ಒಂದು ಗಂಟು ಹಾಕುತ್ತಿದ್ದಳು. ಬೇರೆ ಹೆಂಗಸರ ತುಂಡು ಹರಿದರೆ ತನ್ನ ತಲೆಗೆ ಬರಬಾರದು ಎಂದು. ಬಿಲ್ಲಾ ಸಂಭಾವಿತೆ ಅಂತ ನಾನು ಎಲ್ಲೂ ಹೇಳಿಲ್ಲ.

ಭಾನುವಾರಗಳಲ್ಲಿ ಲಾಂಬೆರ್ಟ್ ಸಿಲಿಕೆನ್ ಬರುತ್ತಿದ್ದ. ಕೋಬೆಸ್‌ನ ಗೆಳೆಯ, ಅವನೂ ಕಂಡಕ್ಟರ್, ಅವನೂ ಹಲಗೆ ನಡೆಯುವವನು. ಬಂದು, ಟೋಪಿ ಮಂಡಿಯ ಮೇಲಿಟ್ಟುಕೊಂಡು, ಕಾಫಿ ಆರುವವರೆಗೆ ಮಾತಾಡದೆ ಕೂತು ಎದ್ದು ಹೋಗುತ್ತಿದ್ದ. ಇಂಥ ಗಂಡಸು ಏನು ಕೇಳಲು ಬರುತ್ತಾನೆ ಎಂಬುದು ಇಡೀ ಬೀದಿಗೆ ಗೊತ್ತಿತ್ತು.

ಕಾರ್ನಿವಲ್ ಹಬ್ಬದ ಹೆಂಗಸರ ಗುರುವಾರ ಬಂತು. ಅವತ್ತು ಈ ಊರಲ್ಲಿ ಹೆಂಗಸರು ಎದುರು ಸಿಕ್ಕ ಗಂಡಸಿನ ತಲೆಯಿಂದ ಟೋಪಿ ಕಿತ್ತುಕೊಳ್ಳಬಹುದು, ಯಾರೂ ಕೇಳುವ ಹಾಗಿಲ್ಲ. ಬಿಲ್ಲಾ ಮಾರುಕಟ್ಟೆ ಚೌಕದಲ್ಲಿ ಲಾಂಬೆರ್ಟನ ಸರಕಾರಿ ಟೋಪಿಗೇ ಕೈ ಹಾಕಿದಳು.

"ಕೊಡೇ ಬಿಲ್ಲಾ, ಡ್ಯೂಟಿ ಟೋಪಿ ಅದು!"

"ಬಾಯಿ ಬಿಟ್ಟು ಕೇಳು, ಕೊಡ್ತೀನಿ."

"ಟೋಪಿ ಕೊಡು."

"ಟೋಪಿ ಅಲ್ಲ ಕಣೋ ಮಂಕೇ. ಇಷ್ಟು ಭಾನುವಾರ ಬಂದು ಕೇಳ್ದೆ ಹೋದ್ಯಲ್ಲ, ಅದನ್ನ ಕೇಳು."

ಸುತ್ತ ನಿಂತವರು ನಕ್ಕರು. ಲಾಂಬೆರ್ಟ್ ಕೇಳಿದ. ಮೂಗಿನವರೆಗೆ ಕೆಂಪಾಗಿ, ಆದರೂ ಕೇಳಿದ.

ಬಿಲ್ಲಾ ಟೋಪಿಯನ್ನು ತನ್ನ ತಲೆಗೆ ಇಟ್ಟುಕೊಂಡಳು. "ಹಲಗೆ ಮೇಲೆ ನಡೆಯೋ ಗಂಡಸನ್ನ ಇನ್ನೊಂದ್ಸಲ ಕಟ್ಕೊಳಲ್ಲ. ಒಳಗೆ ನಡೆಯೋ ಗಾಡಿ ಬರಲಿ, ಅವತ್ತು ನಿನ್ನ ಟೋಪಿನೂ ಕೊಡ್ತೀನಿ, ನನ್ನ ಕೈನೂ ಕೊಡ್ತೀನಿ."

ಈ ಸಲ ಇನ್ನೂ ಜೋರಾಗಿ ನಕ್ಕರು. ಒಳಗೆ ನಡೆಯುವ ಗಾಡಿ! ಲಾಂಬೆರ್ಟ್ ಬೇರೆ ಟೋಪಿ ಬೇಕೆಂದು ಅರ್ಜಿ ಹಾಕಿ, ದಂಡ ತೆತ್ತು, ಮತ್ತೆ ಹಲಗೆ ಹತ್ತಿದ.

3

ಆ ಗಾಡಿ ಬಂತು. ಇತಿಹಾಸ ಅಪರೂಪಕ್ಕೊಮ್ಮೆ ವಿಧವೆಯ ಮಾತಿಗೆ ಕಿವಿಗೊಡುತ್ತದೆ. ಕೊಟ್ಟದ್ದನ್ನು ಆಮೇಲೆ ಹೇಗೆ ವಾಪಸು ಕಿತ್ತುಕೊಳ್ಳುತ್ತದೆ ಎಂದು ಹೇಳುವುದಕ್ಕೇ ನಾನು ಈ ಕಥೆ ಬರೆಯುತ್ತಿರುವುದು.

(ಇಲ್ಲಿ ಸ್ವಲ್ಪ ಡಬ್ಬಿ ಪುರಾಣ ಬರುತ್ತದೆ. ಆಕಳಿಕೆ ಬಂದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳಿ. ಬಿಟ್ಟು ಮುಂದೆ ಹೋದರೆ ಕೊನೆಯಲ್ಲಿ ಯಾರು ಯಾಕೆ ಸತ್ತರು ಎಂದು ತಿಳಿಯುವುದಿಲ್ಲ.)

ಅಮೆರಿಕದವರು ಉದ್ದನೆಯ ಹಜಾರದಂಥ ಡಬ್ಬಿಗಳನ್ನು ಓಡಿಸುತ್ತಿದ್ದರು. ಇಲ್ಲಿನವರು ಹೋಗಿ ನೋಡಿ ಬಂದು ಮುಖ ಸಿಂಡರಿಸಿದರು. ಎಲ್ಲರೂ ಎಲ್ಲರ ಮುಖ ನೋಡುತ್ತ ಕೂರುವುದೇ? ಜರ್ಮನ್ ಪ್ರಯಾಣಿಕನಿಗೆ ಕೋಣೆ ಬೇಕು, ಕೋಣೆಗೆ ಬಾಗಿಲು ಬೇಕು, ಬಾಗಿಲು ಮುಚ್ಚಿದೆ ಎಂಬ ನೆಮ್ಮದಿ ಬೇಕು. ಹಾಗಾಗಿ ರಾಜಿ ಮಾಡಿಕೊಂಡರು: ಒಂದು ಬದಿಗೆ ಸಾಲು ಕೋಣೆಗಳು, ಇನ್ನೊಂದು ಬದಿಗೆ ಒಬ್ಬ ಮನುಷ್ಯ ನಡೆಯುವಷ್ಟು ಕಿರಿದಾದ ಓಣಿ. ಡಬ್ಬಿಯ ಎರಡು ತುದಿಗೆ ಪುಟ್ಟ ಪಡಸಾಲೆ, ಹತ್ತಿಳಿಯುವ ಬಾಗಿಲುಗಳು ಅಲ್ಲಿ ಮಾತ್ರ. ಡಬ್ಬಿಗೂ ಡಬ್ಬಿಗೂ ನಡುವೆ, ಹಾರ್ಮೋನಿಯಂನ ಬೆನ್ನಿನ ಹಾಗೆ ಮಡಿಕೆ ಮಡಿಕೆಯಾದ ದಪ್ಪ ಕ್ಯಾನ್ವಾಸಿನ ತಿದಿ. ಅದರೊಳಗೆ ಕಾಲಿಟ್ಟರೆ ಗಾಳಿ ಮಳೆ ಸೋಂಕದೆ ಇಂಜಿನ್ನಿನ ಹಿಂದಿನಿಂದ ಕೊನೆಯ ಡಬ್ಬಿಯವರೆಗೆ ನಡೆದು ಹೋಗಬಹುದು. ಇಂಥ ಗಾಡಿಗೆ, ಹಾದುಹೋಗುವ ಓಣಿ ಎಂಬ ಜರ್ಮನ್ ಪದದ ಮೊದಲ ಅಕ್ಷರ ಹಿಡಿದು, ಡಿ-ರೈಲು ಎಂದು ಹೆಸರಾಯಿತು. ಊಟದ ಡಬ್ಬಿ ಬಂತು. ಶೌಚದ ಕೋಣೆ ಬಂತು. ಅಲ್ಲಿಯವರೆಗೆ ಬರ್ಲಿನ್ ಬರುವ ತನಕ ತಡೆದುಕೊಂಡು ಕೂರುತ್ತಿದ್ದ ಜನಾಂಗ ನಿಟ್ಟುಸಿರುಬಿಟ್ಟಿತು.

ಕೋಣೆಗಳ ಹೊರಬಾಗಿಲುಗಳೆಲ್ಲ ಹೋದವು. ಹಲಗೆ ಹೋಯಿತು, ಕಂಬಿ ಹೋಯಿತು. ಡಬ್ಬಿಯ ಹೊರಮೈ ವಾರ್ನಿಶ್ ಹೊಡೆದು ನುಣ್ಣಗಾಯಿತು. ಒಳಗೆ ಗ್ಯಾಸ್ ದೀಪ, ಅದಕ್ಕೆ ಬೇಕಾದ ಗ್ಯಾಸಿನ ಉರುಳೆಗಳು ನೆಲದ ಕೆಳಗೆ. ನುಣುಪನ್ನು ನೆನಪಿಡಿ, ಗ್ಯಾಸನ್ನೂ ನೆನಪಿಡಿ. (ಒಳ್ಳೆಯ ಲೇಖಕ ಹೀಗೆ "ನೆನಪಿಡಿ" ಅನ್ನುವುದಿಲ್ಲ, ಗೊತ್ತು. ಒಳ್ಳೆಯ ಲೇಖಕರೆಲ್ಲ ಪ್ರೇಮಕಥೆ ಬರೆಯುತ್ತ ಕೂತಿದ್ದಾರೆ.)

ನಾನು ಒಂದು ಶೆಡ್ಡಿನಲ್ಲಿ ಅಂಥ ಹಳೆಯ ಡಬ್ಬಿಯೊಂದನ್ನು ಮುಟ್ಟಿ ನೋಡಿದ್ದೇನೆ. ಮುದ್ದು ಬರುವಷ್ಟು ಚೆಂದ. ಅಷ್ಟು ಚೆಂದ ಮಾಡಿದ್ದಕ್ಕೇ ನನಗೆ ಅವರ ಮೇಲೆ ಸಿಟ್ಟು.

ತಿದಿ ಹೊಲಿಯುವ ಕೆಲಸ ಬಿಲ್ಲಾಳ ಪಾಲಿಗೆ ಬಂತು. ಲಾಂಬೆರ್ಟನಿಗೆ ಡಿ-ರೈಲಿಗೆ ವರ್ಗವಾಯಿತು. ಬಿಲ್ಲಾ ಪೆಟ್ಟಿಗೆಯಿಂದ ಅವನ ಹಳೆಯ ಟೋಪಿ ತೆಗೆದು ಧೂಳು ಕೊಡವಿದಳು. ಈಸ್ಟರ್ ಕಳೆದ ಕೂಡಲೇ ಮದುವೆ ಎಂದಾಯಿತು.

ನಕ್ಷೆಯಲ್ಲಿ ತಿದಿಯ ಅಂಚಿಗೆ ಒಂದೇ ಹೊಲಿಗೆ ಇತ್ತು. ಬಿಲ್ಲಾ ಒಂದು ಮುಗಿಸಿ, ಅದರ ಒಳಗಡೆ ಇನ್ನೊಂದು ಹಾಕತೊಡಗಿದಳು. ಮೇಸ್ತ್ರಿ ರೂಬ್ಸಾಮ್ ಬಂದು ನಿಂತ.

"ಏನಮ್ಮಾ ಇದು? ಒಂದೇ ಸಾಕು, ನಕ್ಷೆಯಲ್ಲಿ ಹಾಗೇ ಇದೆ."

"ನಕ್ಷೆ ಬರೆದೋರ ಮನೆಯವರು ಯಾರೂ ಇದರೊಳಗೆ ನಡೆಯಲ್ಲ ಮೇಸ್ತ್ರಿಗಳೇ."

"ನಿನ್ನ ದಾರ, ನಿನ್ನ ಕೈ ನೋವು. ಹೊತ್ತು ಮೀರಿದ್ರೆ ನಾನು ನೆಪ ಕೇಳೋನಲ್ಲ."

"ಕೇಳ್ಬೇಡಿ."

ಕೋಬೆಸ್‌ನನ್ನು ಗಾಳಿ ತಿಂದಿತ್ತು. ಇವನನ್ನು ಗಾಳಿ ಮುಟ್ಟಕೂಡದು. ಅವಳು ಬೆರಳು ಕೀವಾಗುವವರೆಗೆ ಎರಡನೆಯ ಹೊಲಿಗೆ ಹಾಕಿದಳು, ಕೊನೆಗೆ ಕೆಂಪು ಬಿಳಿ ಗಂಟು. ಲಾಂಬೆರ್ಟ್ ಮೊದಲ ಓಡಾಟದಿಂದ ಬಂದವನು ಹೇಳಿದ: "ನಿನ್ನ ಗಂಟು ಸಿಕ್ತು ಕಣೇ, ಕೊನೇ ಡಬ್ಬಿಯ ಮುಂದಿನ ತಿದಿಯಲ್ಲಿ. ಹೋಗ್ತಾ ಬರ್ತಾ ಮುಟ್ಕೊಂಡು ಹೋಗ್ತೀನಿ." ಮೇರಿಮಾತೆಯ ಪಾದ ಮುಟ್ಟುವ ಹಾಗಾ ಎಂದು ಅವಳು ಗೇಲಿ ಮಾಡಿದಳು. ಅವಳು ತುಂಬ ಸುಖವಾಗಿದ್ದಳು. ಈ ಕಥೆಯಲ್ಲಿ ಸುಖ ಇಷ್ಟೇ, ಮುಂದೆ ಹುಡುಕಿ ನಿರಾಶರಾಗಬೇಡಿ.

4 (ಲಾಂಬೆರ್ಟ್ ಬೇಡ ಅಂದ ಭಾಗ)

"ಇದನ್ನ ಬಿಟ್ಬಿಡಿ ಬರಹಗಾರ್ರೇ," ಅಂದ ಲಾಂಬೆರ್ಟ್.

"ಬಿಟ್ಟರೆ ಕಥೆ ನಿಲ್ಲಲ್ಲ."

"ನಿಲ್ದೇ ಇದ್ರೆ ಬಿದ್ದು ಹೋಗ್ಲಿ. ಕಥೆ ತಾನೇ? ಮನುಷ್ಯರು ಬಿದ್ದಿದ್ದಾರೆ."

ಬಿಡಲಿಲ್ಲ. ಬರೆದೆ.

ಹಳೆಯ ಗಾಡಿಗಳಲ್ಲಿ ಹೊರಡುವ ಮುಂಚೆ ಕಂಡಕ್ಟರ್ ಪ್ಲಾಟ್‌ಫಾರಂ ಉದ್ದಕ್ಕೂ ನಡೆದು ಚೌಕ ಕೀಲಿಯಿಂದ ಕೋಣೆಗಳ ಬಾಗಿಲಿಗೆ ಬೀಗ ತಿರುಗಿಸುತ್ತಿದ್ದ. ಟಕ್, ಟಕ್, ಟಕ್. ಬೀಗ ಬೀಳುವ ಸದ್ದು ಕೇಳಿದಮೇಲೇ ಒಳಗಿನವರು ರೊಟ್ಟಿ ಸಾಸೇಜಿನ ಪೊಟ್ಟಣ ಬಿಚ್ಚುತ್ತಿದ್ದುದು. ಕೋಣೆಗೆ ಎರಡು ಬಾಗಿಲು, ಒಂದಕ್ಕೆ ಬೀಗ ಬಿದ್ದರೆ ಇನ್ನೊಂದು ಇತ್ತು. ಹೊಸ ಗಾಡಿಯಲ್ಲಿ ಬಾಗಿಲಿರುವುದೇ ತುದಿಗಳಲ್ಲಿ. ಅವಕ್ಕೆ ಬೀಗ ಹಾಕಬಾರದೆಂದು ಹೊಸ ನಿಯಮ. ಆದರೆ ಕಂಡಕ್ಟರುಗಳ ಕೈಗೆ ಹೊಸ ನಿಯಮ ಓದಲು ಬರುತ್ತಿರಲಿಲ್ಲ. ಸೀಟಿ ಊದುತ್ತಲೇ ಕೈ ತಾನಾಗಿ ಹೋಗಿ ಎರಡೂ ಬದಿಗೆ ತಿರುಗಿಸುತ್ತಿತ್ತು. ಲಾಂಬೆರ್ಟ್ ಕೆಲವು ಸಲ ತಿರುಗಿಸಿ, ನಾಲಗೆ ಕಚ್ಚಿಕೊಂಡು, ವಾಪಸು ತೆಗೆದದ್ದೂ ಉಂಟು.

ಆ ನವೆಂಬರ್ ಬೆಳಿಗ್ಗೆಯೂ ತೆಗೆಯುವವನೇ ಇದ್ದ. ಕೊನೆಯ ಡಬ್ಬಿಯ ಓಣಿಯಲ್ಲಿ ಹಸಿರು ಟೋಪಿಯ ಹೆಂಗಸೊಬ್ಬಳು ಅವನನ್ನು ತಡೆದಳು.

"ಕಂಡಕ್ಟರ್ರೇ, ಬಾಗಿಲು ಹಾಕಿದ್ದೀರಾ? ಈ ಓಣಿಲಿ ಕಂಡ ಕಂಡೋರೆಲ್ಲ ಓಡಾಡ್ತಾರೆ, ಮೊದಲೇ ಪ್ರಾಣ ಹೋಗ್ತಿದೆ. ಸ್ಟೇಷನ್ನಲ್ಲಿ ಇನ್ಯಾರಾದ್ರೂ ಹತ್ತಿಬಿಟ್ರೆ?"

"ಹಾಕಿದೆ ತಾಯಿ. ನೆಮ್ಮದಿಯಾಗಿ ಕೂತ್ಕೊಳಿ."

ಅವಳು ನೆಮ್ಮದಿಯಾಗಿ ಕೂತಳು. ಅವಳ ಮುಖ ನೋಡಿ ಅವನಿಗೆ ಬೀಗ ತೆಗೆಯುವ ಮನಸ್ಸಾಗಲಿಲ್ಲ.

5

ಮೊದಲನೆಯ ಕರಡು.

ದಟ್ಟ ಮಂಜು. ಸೇತುವೆಯೊಂದರ ಹತ್ತಿರ ಸಿಗ್ನಲ್ ಸಿಗದೆ ಡಿ-ರೈಲು ನಿಂತಿತು. ಕೊನೆಯ ಡಬ್ಬಿಗಳು ಸೇತುವೆಯ ಮೇಲೆ, ಮುಂದಿನವು ಆಚೆ ದಡದಲ್ಲಿ. ಹಿಂದಿನಿಂದ ಬಂದ ಸಾಮಾನು ಗಾಡಿಯ ಇಂಜಿನ್ನು ಮಂಜಿನಲ್ಲಿ ಕಾಣದೆ ಗುದ್ದಿತು. ಕೊನೆಯ ಡಬ್ಬಿಯ ಹಿಂದಿನ ತುದಿ ಜಜ್ಜಿಹೋಯಿತು. ಗ್ಯಾಸಿನ ಉರುಳೆ ಸೀಳಿ ಬೆಂಕಿ ಹತ್ತಿತು. ಅದೇ ಡಬ್ಬಿಯಲ್ಲಿ ಟಿಕೇಟು ನೋಡುತ್ತಿದ್ದ ಲಾಂಬೆರ್ಟ್ ಹೊಗೆಯಲ್ಲಿ ಕೀಲಿ ಕೈಜಾರಿಸಿ, ನೆಲದ ಮೇಲೆ ತಡಕಾಡುತ್ತ—

"ಸಾಕು!" ಅಂದಳು ಬಿಲ್ಲಾ.

ಪೆನ್ನು ನಿಲ್ಲಿಸಿದೆ. ಅವಳು ಕಾಗದದಿಂದ ನನ್ನ ಮುಖ ನೋಡುತ್ತಿದ್ದಳು, ಕೈಯಲ್ಲಿ ಅವನ ಟೋಪಿ.

"ಒಬ್ಬನ್ನ ಹೊರಗೆ ಕೊಂದೆ. ಇನ್ನೊಬ್ಬನ್ನ ಒಳಗೆ ಕೊಲ್ತೀಯಾ? ನಿಂಗೆ ಬೇರೆ ಕಸುಬು ಇಲ್ವಾ?"

"ಕೋಬೆಸ್‌ನನ್ನ ಕೊಂದದ್ದು ಮಂಜು."

"ಮಂಜು ತಂದೋನು ಯಾರು? ನೀನೇ. ಇಲ್ಲೂ ಮಂಜು ತಂದಿದ್ದೀಯ. ಬೇರೆ ಹೊಳೀಲೇ ಇಲ್ವಾ ನಿನ್ನ ತಲೆಗೆ?"

(ಹೊಳೆದಿರಲಿಲ್ಲ. ಎರಡು ಸಾವಿಗೂ ಒಂದೇ ಹವಾಮಾನ. ಯಾವ ಸಂಪಾದಕನಾದರೂ ಹಿಡಿಯುವ ತಪ್ಪು.)

"ಅವನು ಬದುಕ್ಬೇಕು," ಅಂದಳು. "ಕೈ ಹೋಗ್ಲಿ, ಕಾಲು ಹೋಗ್ಲಿ, ಬದುಕ್ಬೇಕು. ಇಷ್ಟೇ ನಾನು ಕೇಳೋದು. ಇನ್ನೇನೂ ಕೇಳಲ್ಲ."

"ಆಮೇಲೆ ನನ್ನನ್ನ ಬೈಬಾರದು."

"ಬದುಕಿಸಿದ್ಮೇಲೆ ಯಾಕೆ ಬೈಲಿ?"

5, ಮತ್ತೆ

ಎರಡನೆಯ ಕರಡು. ಲಾಂಬೆರ್ಟ್ ಬದುಕುತ್ತಾನೆ.

ಗುದ್ದಿದಾಗ ಅವನು ಮುಂದೆ, ಊಟದ ಡಬ್ಬಿಯಲ್ಲಿದ್ದ. ಚೌಕ ಕೀಲಿ ಅವನ ಜೇಬಿನಲ್ಲಿತ್ತು. ಹಿಂದಕ್ಕೆ ಓಡಲು ನೋಡಿದ. ಓಣಿ ಒಬ್ಬನಿಗೆ ಸಾಲುವಷ್ಟೇ ಅಗಲ, ಇಡೀ ಗಾಡಿಯ ಜನ ಎದುರಿನಿಂದ ನುಗ್ಗಿ ಬರುತ್ತಿದ್ದರು. ಕೊನೆಯದರ ಪಕ್ಕದ ಡಬ್ಬಿಯಿಂದ ಕೂಗುತ್ತ ಬಂದವರು ಹೇಳಿದ್ದು ಇಷ್ಟು: ಕೊನೆಯ ಡಬ್ಬಿಯ ಹಿಂದಿನ ತುದಿ ಇಲ್ಲವೇ ಇಲ್ಲ. ಮುಂದಿನ ತುದಿಯಿಂದ ನಮ್ಮ ಡಬ್ಬಿಗೆ ಬರುವ ಬಾಗಿಲು ತಿರುಚಿಕೊಂಡು ಕಚ್ಚಿಹೋಗಿದೆ, ಗಂಡಸರು ಒದ್ದರೂ ತೆರೆಯಲಿಲ್ಲ.

ಹಾಗಾದರೆ ಅವರಿಗೆ ಉಳಿದದ್ದು ಮುಂದಿನ ಪಡಸಾಲೆಯ ಎರಡು ಬಾಗಿಲು. ಅವೆರಡಕ್ಕೂ ಬೀಗ ಹಾಕಿದ್ದು ಅವನೇ.

ಅವನು ಊಟದ ಡಬ್ಬಿಯಿಂದ ಕೆಳಗೆ ಹಾರಿ ಹಳಿಯ ಬದಿಯಲ್ಲೇ ಹಿಂದಕ್ಕೆ ಓಡಿದ. ಸೇತುವೆ ಶುರುವಾಗುವಲ್ಲಿ ನೆಲ ಮುಗಿಯಿತು. ಗಾಡಿಗೂ ಗಾಳಿಗೂ ನಡುವೆ ಕಾಲಿಡಲು ಜಾಗವಿಲ್ಲ. ಹದಿನೈದು ವರ್ಷ ಓಡುವ ಗಾಡಿಯ ಹೊರಮೈಮೇಲೆ ನಡೆದವನು, ನಿಂತ ಗಾಡಿಯ ಮುಂದೆ ನಿಂತ. ಕೈ ಅಭ್ಯಾಸದಿಂದ ಮೇಲೆ ಹೋಗಿ ಕಂಬಿ ಹುಡುಕಿತು. ಕಾಲು ಹಲಗೆ ಹುಡುಕಿತು. ಎರಡೂ ಇರಲಿಲ್ಲ. ನುಣ್ಣಗಿತ್ತು.

"ಮಾಡಿನ ಮೇಲೆ ಹತ್ತಬಹುದಿತ್ತಲ್ಲ?" ಅಂದಳು ಬಿಲ್ಲಾ.

ಹತ್ತಿದ. ದೀಪದವರು ಹತ್ತುವ ತುದಿಯ ಮೆಟ್ಟಿಲು ಹಿಡಿದು ಹತ್ತಿ, ಮಾಡಿನ ಮೇಲಿನ ಪುಟ್ಟ ಮಾಡಿಗೆ ಎಡವುತ್ತ ಓಡಿ, ಕೊನೆಯ ಡಬ್ಬಿಯ ಮುಂದಿನ ತಿದಿಯ ಮೇಲೆ ಕವುಚಿ ಬಿದ್ದ. ಮೇಲಿನಿಂದ ಬಾಗಿಲ ಬೀಗಕ್ಕೆ ಕೈ ಎಟುಕುವುದಿಲ್ಲ. ಆದರೆ ಬಾಗಿಲು ಯಾಕೆ ಬೇಕು? ಜನ ತಿದಿಯ ಒಳಗೇ ತುಂಬಿದ್ದರು. ಅವರಿಗೂ ಗಾಳಿಗೂ ನಡುವೆ ಇದ್ದದ್ದು ಬಟ್ಟೆ. ಒಳಗಿನಿಂದ ಮುಷ್ಟಿಗಳು ಕ್ಯಾನ್ವಾಸನ್ನು ಉಬ್ಬಿಸುತ್ತಿದ್ದವು, ಇಲ್ಲೊಂದು, ಅಲ್ಲೊಂದು.

ಅವನ ಹತ್ತಿರ ಚಾಕು ಇರಲಿಲ್ಲ. ಮೊಂಡು ಕೀಲಿ, ಟಿಕೇಟಿಗೆ ತೂತು ಹಾಕುವ ಇಕ್ಕಳ. ಇಕ್ಕಳದಿಂದ ಅಂಚಿನ ದಾರ ಕಚ್ಚಿದ. ಒಂದು ಎಳೆ ಕಡಿಯಿತು. ಜಗ್ಗಿದ, ಹೊಲಿಗೆ ಸರಸರನೆ ಬಿಚ್ಚಿಕೊಂಡಿತು. ಒಳಗಿನವರು ಬೆಳಕು ಕಂಡು ಕೂಗಿದರು. ಅದರ ಕೆಳಗೆ ಎರಡನೆಯ ಹೊಲಿಗೆ ಇತ್ತು.

ಅದು ಬಿಚ್ಚಲಿಲ್ಲ. ಅವನ ಬೆರಳುಗಳು ಗಂಟಿನ ತನಕ ಹೋದವು. ಕೆಂಪು ಬಿಳಿ ಗಂಟು. ಹಲ್ಲಿನಿಂದ ಕಚ್ಚಿದ. ಕೈ ಸುಡತೊಡಗಿದಾಗಲೂ ಬಿಡಲಿಲ್ಲ. ಯಾರೋ ಹಿಂದಿನಿಂದ ಅವನ ಕಾಲು ಹಿಡಿದು ಎಳೆದುಹಾಕಿದರು. ಕೆಲವರು ಕಿಟಕಿ ಒಡೆದು ಹೊಳೆಗೆ ಹಾರಿ ಬದುಕಿಕೊಂಡಿದ್ದರು. ತಿದಿಯೊಳಗಿದ್ದವರು ಯಾರೂ ಬದುಕಲಿಲ್ಲ. ಹಸಿರು ಟೋಪಿಯ ಹೆಂಗಸು ಅಲ್ಲಿದ್ದಳು.

6

ಬಿಲ್ಲಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಕೆಲವು ದಿನ ಬರೆಯಲಿಲ್ಲ. ಹೆಂಡತಿ ಕೇಳಿದಳು, "ಏನಾಯ್ತು, ನಿನ್ನ ರೈಲು ಎಲ್ಲಿ ನಿಂತಿದೆ?" ಸೇತುವೆಯ ಮೇಲೆ, ಅಂದೆ. "ನಮ್ಮ ರೈಲು ಹಾಗೇ," ಅಂದಳು.

ಬದುಕಿದವನ ಕಥೆಯನ್ನೂ ಹೇಳಬೇಕಲ್ಲ. ಮಾತು ಕೊಟ್ಟಿದ್ದೆ. ವಿಚಾರಣೆ ನಡೆಯಿತು. ಬೀಗ ಹಾಕಿದ್ದು ನೌಕರನ ಹಳೆಯ ಚಟ ಎಂದರು. ತಿದಿಯನ್ನು ತರಿಸಿ, ಸುಟ್ಟು ಉಳಿದ ಅಂಚನ್ನು ಎಳೆದು ನೋಡಿ, ಹೊಲಿಗೆ ನಿರ್ದೋಷ ಎಂದರು. ನಿರ್ದೋಷವಷ್ಟೇ ಅಲ್ಲ, ಅತ್ಯುತ್ತಮ ಎಂದರು. ಮೇಸ್ತ್ರಿ ರೂಬ್ಸಾಮ್ ಹಿಗ್ಗಿ ಹೀರೇಕಾಯಿಯಾಗಿ ಒಂದು ದೊಡ್ಡ ಸಾಸೇಜು ಹಿಡಿದು ಮನೆಗೇ ಬಂದ.

"ಬಿಲ್ಲಮ್ಮಾ, ಇನ್ಮೇಲೆ ಎಲ್ಲ ತಿದಿಗೂ ಎರಡು ಹೊಲಿಗೆ. ನಿನ್ನ ಮಾದರೀನೇ!"

ಬಿಲ್ಲಾ ಸಾಸೇಜು ತೆಗೆದುಕೊಂಡಳು, ಅವನ ಮುಖದ ಮೇಲೆ ಬಾಗಿಲು ಹಾಕಿದಳು. ಹಾಕಿದಳು ಅಂದೆನಲ್ಲ, ತಪ್ಪು. ಆ ಮನೆಯಲ್ಲಿ ಬಾಗಿಲು ಇರಲಿಲ್ಲ. ಲಾಂಬೆರ್ಟ್ ಕೈಗೆ ಪಟ್ಟಿ ಸುತ್ತಿಕೊಂಡೇ, ಹೆಗಲು ಕೊಟ್ಟು ಎತ್ತಿ, ಎಲ್ಲ ಬಾಗಿಲನ್ನೂ ಕೀಲಿನಿಂದ ಕಳಚಿ ಅಂಗಳದಲ್ಲಿ ಒಟ್ಟಿದ್ದ. ಅಡುಗೆಮನೆಗಿಲ್ಲ, ಮಲಗುವ ಕೋಣೆಗಿಲ್ಲ, ಬೀದಿ ಕಡೆಗಿಲ್ಲ. ಡಿಸೆಂಬರ್ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಬೀದಿಯವರು ಮೊದಲು ನಕ್ಕರು, ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟರು.

ಮದುವೆಯಾದ ಮೊದಲ ಚಳಿಗಾಲ. ಇಬ್ಬರೂ ಕೋಟು ತೊಟ್ಟುಕೊಂಡೇ ಮೇಜಿನ ಮುಂದೆ ಕೂತಿದ್ದರು. ಅವನ ಬಾಯಿಗೆ ರೊಟ್ಟಿ ಇಡುತ್ತಿದ್ದವಳು ಅವಳು. ಅವನ ಬೆರಳು ಮಡಚುತ್ತಿರಲಿಲ್ಲ.

"ಬಿಲ್ಲಾ," ಅಂದ, "ಎರಡನೇ ಹೊಲಿಗೆ ಯಾಕೆ ಹಾಕ್ದೆ?"

"ನಿಂಗೆ ಗಾಳಿ ತಾಗ್ಬಾರದು ಅಂತ." ರೊಟ್ಟಿ ಹಿಡಿದ ಕೈ ಹಾಗೇ ನಿಂತಿತು. "ನೀನ್ಯಾಕೆ ಬೀಗ ಹಾಕ್ದೆ?"

"ಅವರಿಗೆ ಭಯ ಆಗ್ಬಾರದು ಅಂತ."

ಆಮೇಲೆ ಅವರು ಮಾತಾಡಲಿಲ್ಲ. ಅವತ್ತು ಅಂತಲ್ಲ. ಮಾತಾಡಲೇ ಇಲ್ಲ.

7

"ನಿಲ್ಸು," ಅಂದಳು ಬಿಲ್ಲಾ. "ಇದಕ್ಕಿಂತ ಬೇರೆ ಏನಾದ್ರೂ ಇಟ್ಟಿದ್ದೀಯಾ?"

ಇಟ್ಟಿದ್ದೆ. ಲೇಖಕರ ಜೇಬಿನಲ್ಲಿ ಯಾವಾಗಲೂ ಒಂದೆರಡು ಮುಕ್ತಾಯಗಳು ಇರುತ್ತವೆ.

ಮುಕ್ತಾಯ ಒಂದು: ಲಾಂಬೆರ್ಟ್ ಡಿ-ರೈಲಿಗೆ ಹೋಗುವುದೇ ಇಲ್ಲ. ಹಳೆಯ ಗಾಡಿಯಲ್ಲೇ ಹಲಗೆ ನಡೆಯುತ್ತಾನೆ. "ಬೀಳ್ತಾನೆ," ಅಂದಳು. ಹೌದು, ಬೀಳುತ್ತಾನೆ.

ಮುಕ್ತಾಯ ಎರಡು: ಹಲಗೆ, ಕಂಬಿ, ಕೋಣೆಗೊಂದು ಬಾಗಿಲು, ಎಲ್ಲವೂ ಹೊಸ ಡಬ್ಬಿಗೂ ಇರುತ್ತವೆ. "ಇರ್ಲಿ, ಹಾಕು!" ಅಂದಳು. ಹಾಕಲಾರೆ ಬಿಲ್ಲಾ. ಬೆಂಕಿ ನನ್ನದು, ಸೇತುವೆ ನನ್ನದು, ಡಬ್ಬಿ ನನ್ನದಲ್ಲ. ಅದನ್ನು ಬೇರೆಯವರು ಕಟ್ಟಿದರು. ಹಾಗೆ ಕಟ್ಟಿದ್ದರು ಎಂದು ತೋರಿಸುವುದಕ್ಕೇ ನಾನು ನಿನ್ನನ್ನು ಹುಟ್ಟಿಸಿದ್ದು.

"ಹಾಗಾದ್ರೆ ನನ್ನ ಹೊಲಿಗೆ ಯಾರ್ದು?"

ನಾನು ಪೆನ್ನಿನ ಮುಚ್ಚಳ ಹುಡುಕಿದೆ.

"ಹೇಳು. ಡಬ್ಬಿ ಅವರದು, ಬೆಂಕಿ ನಿಂದು. ನಕ್ಷೆಯಲ್ಲಿ ಇಲ್ದೇ ಇರೋ ಹೊಲಿಗೆ ಯಾರ್ದು?"

"ನಿನ್ನದು."

"ಹಾಗಾದ್ರೆ ನನ್ನನ್ನ ಅಲ್ಲಿಗೆ ವಾಪಸ್ ಕಳ್ಸು. ಒಂದೇ ಹೊಲಿಗೆ ಹಾಕ್ತೀನಿ. ಅವರು ಹೊರಗೆ ಬರ್ಲಿ."

ಕಳಿಸುವ ಮುಂಚೆ ಒಂದು ವಿಷಯ ಹೇಳಲೇಬೇಕಾಗಿತ್ತು. ನಾನು ಕೆಟ್ಟವನಿರಬಹುದು, ಮುಚ್ಚಿಡುವವನಲ್ಲ. ಒಂದೇ ಹೊಲಿಗೆಯ ಕರಡನ್ನೂ ನಾನು ಬರೆದಿದ್ದೆ. ಬೆಂಕಿಗೆ ಮುಂಚಿನ ಬೇಸಿಗೆ, ಎದುರಿನಿಂದ ಇನ್ನೊಂದು ಎಕ್ಸ್‌ಪ್ರೆಸ್ ಪೂರ್ತಿ ವೇಗದಲ್ಲಿ ದಾಟುತ್ತದೆ. ಎರಡು ಗಾಡಿಗಳ ನಡುವಿನ ಗಾಳಿ ತಿದಿಯನ್ನು ಹೀರಿ ಸೀಳುತ್ತದೆ. ಆ ಹೊತ್ತಿಗೆ ಅದರೊಳಗೆ ಒಬ್ಬ ನಡೆಯುತ್ತಿದ್ದಾನೆ.

"ಯಾರು?" ಅಂತ ಅವಳು ಕೇಳಲಿಲ್ಲ.

ಕೇಳಿದ್ದು ಇಷ್ಟು: "ಗಾಳಿ ಸೀಳೋದು ಖಂಡಿತಾನಾ?"

"ಒಂದು ಕರಡಿನಲ್ಲಿ ಸೀಳಿತು."

"ಬೆಂಕಿ ಬೀಳೋದು?"

"ಅದೂ ಒಂದು ಕರಡಿನಲ್ಲಿ."

"ನಿನ್ನ ಹತ್ರ ಮನುಷ್ಯರು ಸುಮ್ನೆ ಊರು ತಲುಪೋ ಕರಡು ಒಂದಾದ್ರೂ ಇದ್ಯಾ?"

ಓದುಗರೇ, ಇಲ್ಲಿ ನಿಮ್ಮ ಕಡೆ ತಿರುಗುತ್ತಿದ್ದೇನೆ. ಅಂಥ ಗಾಡಿಗಳು ಇದ್ದವು. ಲೆಕ್ಕವಿಲ್ಲದಷ್ಟು ಡಿ-ರೈಲುಗಳು ಸುಮ್ಮನೆ ಬರ್ಲಿನ್ ತಲುಪಿದವು. ಜನ ಇಳಿದು, ಮೈಮುರಿದು, ಕುದುರೆಗಾಡಿ ಹಿಡಿದು ಮನೆಗೆ ಹೋದರು. ಅವುಗಳ ಕಥೆಯನ್ನು ನಾನು ಬರೆಯಲಿಲ್ಲ, ನೀವು ಓದುತ್ತಿರಲಿಲ್ಲ. ಈ ಪಾಪದಲ್ಲಿ ನನಗೆಷ್ಟೋ ನಿಮಗೂ ಅಷ್ಟೇ ಪಾಲು.

3, ಮತ್ತೆ

ಹೊಲಿಗೆಯ ಶೆಡ್ಡು. ಮಾಡಿನ ಗಾಜಿನಿಂದ ಮಾರ್ಚ್ ತಿಂಗಳ ಪೇಲವ ಬಿಸಿಲು. ಬಿಲ್ಲಾಳ ಮಡಿಲಲ್ಲಿ ದಪ್ಪ ಕ್ಯಾನ್ವಾಸು, ಮೊದಲನೆಯ ಹೊಲಿಗೆ ಮುಗಿದಿದೆ. ಈಸ್ಟರ್ ಹತ್ತಿರವಿದೆ. ಗೂಟಕ್ಕೆ ಅವನ ಟೋಪಿ ನೇತುಹಾಕಿಕೊಂಡಿದ್ದಾಳೆ. ವ್ಯತ್ಯಾಸ ಇಷ್ಟೇ: ಈ ಸಲ ಅವಳಿಗೆ ಎಲ್ಲ ಗೊತ್ತಿದೆ.

ಸೂಜಿಗೆ ದಾರ ಪೋಣಿಸಿದಳು. ಎರಡನೆಯ ಹೊಲಿಗೆಯ ಜಾಗಕ್ಕೆ ಸೂಜಿ ತಂದಳು, ಹಿಂದೆ ತೆಗೆದಳು. ಒಳಗಿನಿಂದ ಮುಷ್ಟಿಗಳು ಉಬ್ಬಿಸಲಿದ್ದ ಜಾಗವನ್ನು ಅಂಗೈಯಿಂದ ಸವರಿದಳು. ಆಮೇಲೆ ಗೂಟದ ಕಡೆ ನೋಡಿದಳು.

"ನೀನು ಬರೀಬೇಡ," ಅಂದಳು ನನಗೆ. "ಆ ಕಡೆ ತಿರುಗು."

ತಿರುಗಿದೆ. ಆದರೂ ಕೇಳಿಸುತ್ತದೆ: ಮೇಣ ಹಚ್ಚಿದ ದಾರ ಕ್ಯಾನ್ವಾಸಿನೊಳಗೆ ಕಿರ್ರೆನ್ನುತ್ತ ಹೋಗುವ ಸದ್ದು, ಅಥವಾ ಹೊರಕ್ಕೆ ಬರುವ ಸದ್ದು. ಹಾಕುತ್ತಿದ್ದಾಳೋ ಬಿಚ್ಚುತ್ತಿದ್ದಾಳೋ ಕಿವಿಗೆ ತಿಳಿಯುವುದಿಲ್ಲ. ಅವಳು ಅಳುತ್ತಿದ್ದಾಳೆ, ಗಂಡ ಸತ್ತ ದಿನ ಅಳದವಳು. ಅವನನ್ನು ಉಳಿಸಲು ಹೊರಟರೆ ತಿದಿಯೊಳಗಿನವರು ಸಾಯುತ್ತಾರೆ, ಅವರನ್ನು ಉಳಿಸಲು ಹೊರಟರೆ ಅವನು. ನನ್ನ ಕೈಯಲ್ಲಿದ್ದ ಕೊಲೆಯನ್ನು ಅವಳ ಕೈಗೆ ಕೊಟ್ಟು ನಾನು ಕೈ ತೊಳೆದುಕೊಂಡೆ. ಇದನ್ನು ಹೊಸ ಬಗೆಯ ಕಥೆ ಎನ್ನುತ್ತಾರೆ.

ಮೇಸ್ತ್ರಿ ರೂಬ್ಸಾಮ್‌ನ ಬೂಟಿನ ಸದ್ದು ಹತ್ತಿರ ಬರುತ್ತಿದೆ. ಹೊರಗೆ ಡಬ್ಬಿ ಕಾಯುತ್ತಿದೆ, ವಾರ್ನಿಶ್ ಇನ್ನೂ ಹಸಿ. ಕೆಂಪು ಬಿಳಿ ದಾರ ಮೇಜಿನ ಮೇಲೆ ಹಾಗೇ ಬಿದ್ದಿದೆ, ಗಂಟು ಬಿದ್ದಿಲ್ಲ.

"ಬಿಲ್ಲಮ್ಮಾ, ಮುಗೀತಾ?"

"ಇಲ್ಲ," ಅಂದಳು ಬಿಲ್ಲಾ.